ಕುಡಿದ ಮೇಲೆ ಒಂದು ಮಾತು

ನಿಯಮ ಇಷ್ಟೇ: ನನ್ನ ಕಣ್ಣೆದುರೇ ಕುಡಿಯಬೇಕು,
ಕುಡಿದ ಮೇಲೆ ಏನಾದರೂ ಒಂದು ಮಾತಾಡಬೇಕು.
ಬಾಯಲ್ಲೇ ಇಟ್ಟುಕೊಂಡು ಹೊರಗೆ ಹೋಗಿ
ಸೀಸೆಗೆ ಉಗುಳಿ ಮಾರುವವರಿದ್ದಾರೆ.
ಮಾತಾಡಿದ ಬಾಯಿ ಖಾಲಿ ಬಾಯಿ.

ಹನ್ನೊಂದು ವರ್ಷದಿಂದ, ಭಾನುವಾರ ಬಿಟ್ಟು,
ಬೆಳಗ್ಗೆ ಒಂಬತ್ತೂಕಾಲಿಗೆ
ಮ್ಯಾಗ್ನಸ್ ಟೇಟ್ ಬರುತ್ತಾನೆ.
ಸ್ಕಾಟ್ಲೆಂಡಿನ ಈ ತುದಿಯಲ್ಲಿ ಚಳಿಗಾಲಕ್ಕೆ
ಆ ಹೊತ್ತಿಗೂ ಸರಿಯಾಗಿ ಬೆಳಗಾಗಿರುವುದಿಲ್ಲ.
ಔಷಧದಂಗಡಿಯ ಹಿಂದುಗಡೆ ಪರದೆ ಎಳೆದ ಮೂಲೆ,
ಕಾಗದದ ಲೋಟ, ಪಾಚಿಹಸಿರು ದ್ರವ,
ಎಂಬತ್ತು ಮಿಲಿ.
ಒಂದೇ ಗುಟುಕು. ಮೇಲೆ ಸ್ವಲ್ಪ ನೀರು.
ಆಮೇಲೆ ಅವನ ಮಾತು:
"ಗಾಳಿ ಬಡಗಣದ್ದು, ವಿಲ್ಮಾ."

ಹೀಗೆ ದಿನಕ್ಕೊಂದು ವಾಕ್ಯದಂತೆ
ಒಬ್ಬ ಗಂಡಸಿನ ಕತೆ ನನಗೆ ಸಿಕ್ಕಿದೆ,
ಹಿಂದುಮುಂದಾಗಿ, ನಡುನಡುವೆ ಪುಟ ಹರಿದು.

"ಹತ್ತೊಂಬತ್ತಕ್ಕೇ ದೋಣಿ ಹತ್ತಿದೆ."
"ಕೈಗವಸು ಯಾವತ್ತೂ ಒಣಗುತ್ತಿರಲಿಲ್ಲ."
"ಬಂದರಿಗೆ ಮರಳಿದ ರಾತ್ರಿ ಜೇಬಿನ ತುಂಬ ನೋಟು,
ಹೋಗಲು ಎರಡೇ ಜಾಗ: ಪಬ್ಬು, ಪ್ರಾರ್ಥನೆಯ ಮನೆ."
"ಮೊದಲ ಸಲ ಚುಚ್ಚಿಕೊಂಡಾಗ ಹೊಳೆದದ್ದು ಇಷ್ಟೇ:
ಓಹ್, ಬೆರಳುಗಳು ಇಷ್ಟು ಬೆಚ್ಚಗಿರಬಲ್ಲವು."
ಅದನ್ನು ಹೇಳಿದ ದಿನ ನಾನು
ಇನ್ಯಾರದೋ ಮಾತ್ರೆಗಳ ಲೆಕ್ಕ ತಪ್ಪಿದೆ.

ಗುರುವಾರದ ಗುಂಪಿನಲ್ಲಿ ಕುರ್ಚಿಗಳನ್ನು ವೃತ್ತವಾಗಿ ಇಡುತ್ತಾರಂತೆ.
ನಿನ್ನೊಳಗೆ ಏನು ಖಾಲಿಯಿತ್ತು ಮ್ಯಾಗ್ನಸ್, ಎಂದು
ಮೆತ್ತನೆ ದನಿಯ ಹುಡುಗಿ ಕೇಳುತ್ತಾಳೆ.
"ಅಪ್ಪ ಹೊಡೆಯುತ್ತಿದ್ದ ಅಂದೆ. ಅವಳಿಗೆ ಸಮಾಧಾನವಾಯಿತು."
"ಪ್ರಾರ್ಥನೆಯ ಹಿರಿಯರಿಗೆ ಸೈತಾನ ಬೇಕಿತ್ತು, ಕೊಟ್ಟೆ."
"ಡಾಕ್ಟರಿಗೆ ಮಿದುಳೊಂದೇ ಸಾಕು."
"ಅಪ್ಪ, ಪಾಪ, ಕೈ ಎತ್ತಿದವನೇ ಅಲ್ಲ."
ಇಷ್ಟು ಹೇಳಿ ಮುಗಿಸಲು ಎರಡು ವಾರ ಹಿಡಿಯಿತು,
ನಡುವೆ ಗಾಳಿಯ ಸುದ್ದಿಯೂ ಇತ್ತಲ್ಲ.

ಒಮ್ಮೆ ಮಾತ್ರ ಮಾತು ಉದ್ದವಾಯಿತು:
"ಬಲೆಯಿಂದ ಮೀನು ಬಿಡಿಸುವುದು ನನಗೆ ಗೊತ್ತು.
ಹಿಂದಕ್ಕೆ ಎಳೆದರೆ ಕಿವಿರು ಸಿಕ್ಕಿ ಹರಿಯುತ್ತದೆ,
ಬಂದ ದಿಕ್ಕಿಗೇ ಮುಂದೆ ತಳ್ಳಬೇಕು.
ಇವರು ನನ್ನ ಚಟ ಬಿಡಿಸುತ್ತೇವೆಂದು
ಬಾಲ ಹಿಡಿದು ಜಗ್ಗುತ್ತಿದ್ದಾರೆ."

ಎಂಬತ್ತು ಅರವತ್ತಾಯಿತು, ನಲವತ್ತೈದಾಯಿತು,
ಒಂದು ಮಾರ್ಚ್ ತಿಂಗಳಲ್ಲಿ ಮತ್ತೆ ತೊಂಬತ್ತು.
ಯಾಕೆಂದು ನಾನು ಕೇಳಲಿಲ್ಲ.
ನಾನು ಕೇಳಬೇಕೆಂದು ನಿಯಮದಲ್ಲಿಲ್ಲ.

ಭಾನುವಾರ ಅಂಗಡಿ ಇಲ್ಲ, ಸೀಸೆಯಲ್ಲಿ ಮನೆಗೊಯ್ಯುತ್ತಾನೆ.
ಒಂಬತ್ತೂಕಾಲಿಗೆ ನಾನು ಅಡುಗೆಮನೆಯಲ್ಲಿ
ಕುದಿದು ಆರಿದ ಕೆಟಲಿನ ಮುಂದೆ ನಿಂತಿರುತ್ತೇನೆ.
ಆರ್ಚಿ ಹೋದ ಮೇಲೆ ನನಗೂ ಒಂದು ಅಭ್ಯಾಸ,
ಲಾಟರಿ ಚೀಟಿ ಕೆರೆಯುವುದು. ನಾಣ್ಯದಂಚಿಗೆ ಬೆಳ್ಳಿಪುಡಿ,
ಉಗುರಿನೊಳಗೂ.
ಗೆದ್ದರೆ ಏನು ಮಾಡುತ್ತೇನೆಂದು ಒಂದು ದಿನವೂ ಯೋಚಿಸಿಲ್ಲ.
ವೃತ್ತದಲ್ಲಿ ಕೂರಿಸಿ ಯಾರೂ ಕೇಳಿಯೂ ಇಲ್ಲ.

ಕಳೆದ ಮಂಗಳವಾರ ಅವನು ಕುಡಿದ. ಮಾತಾಡಲಿಲ್ಲ.
ಪರದೆಯಾಚೆ, ಮಗುವಿನ ಕೆಮ್ಮಿಗೆ ಔಷಧ ಕೊಳ್ಳಲು ನಿಂತವಳು
ಕಾಲು ಬದಲಿಸಿದಳು. ನಾನು ಕಾದೆ.
ಅವನು ಬಾಯಿ ತೆರೆದು ತೋರಿಸಿದ: ಹಸಿರು ನಾಲಿಗೆ,
ಉಳಿದ ಆರೇಳು ಹಲ್ಲು, ಆಚೆಗೆ ಕತ್ತಲು.
ಖಾಲಿಯೇ. ಅಷ್ಟನ್ನೇ ಬರೆದುಕೊಂಡು ಕಳಿಸಬಹುದಿತ್ತು.

ಅವನ ದೋಣಿಯ ಜೊತೆಗಾರ ಡೇವಿ ನೋಬಲ್
ಹಿಂದಿನ ರಾತ್ರಿ ಬಚ್ಚಲಲ್ಲಿ ಸಿಕ್ಕಿದ್ದ, ತಣ್ಣಗೆ.
ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಹನ್ನೊಂದು ವರ್ಷದಲ್ಲಿ ಮೊದಲ ಸಲ
ಆ ಒಂದು ಮಾತು ನಾನಾಡಿದೆ:
"ಗಾಳಿ ತಿರುಗಿದೆ, ಮ್ಯಾಗ್ನಸ್."
ಸುಳ್ಳು. ಅವತ್ತು ಗಾಳಿಯೇ ಇರಲಿಲ್ಲ.

ಅವನು ಬಾಗಿಲ ತನಕ ಹೋಗಿ ಗಾಜಿನಾಚೆ
ಬಂದರಿನ ಕಂಬದ ಬಾವುಟ ನೋಡಿದ.
ಬಹಳ ಹೊತ್ತು ನೋಡಿದ.
"ಇಲ್ಲವಲ್ಲ," ಅಂದ.

ಲೋಟವನ್ನು ಬುಟ್ಟಿಗೆ ಹಾಕಿ
ಪುಸ್ತಕದಲ್ಲಿ ಸಮಯ ಬರೆದೆ:
ಒಂಬತ್ತು ಮೂವತ್ತೊಂದು. ನುಂಗಿದ್ದಾನೆ.